ಟ್ರೇಯಲ್ಲಿ ಇಡದ ಕರಡಿಗೆ

ಕಲಬುರಗಿ
12 ನವೆಂಬರ್ 2024

ಮಲ್ಕಮ್ಮ ಅವರಿಗೆ ನಮಸ್ಕಾರ.

ಒಂದು ಮಾತನ್ನು ಬರೆಯದೆಯೇ ಈ ಲಕೋಟೆ ಅಂಟಿಸುವವಳಿದ್ದೆ. ಕಮಲಾಪುರದ ಸ್ತನ ತಪಾಸಣೆ ಕ್ಯಾಂಪಿನ ವರದಿಯ ಪ್ರತಿ ಇದರೊಳಗಿದೆ. ಅರವತ್ತೆರಡು ಹೆಂಗಸರನ್ನು ಡಾಕ್ಟರ್ ರೇವತಿ ಕೈಯಿಂದ ಪರೀಕ್ಷೆ ಮಾಡಿದರು, ಅವರಲ್ಲಿ ಏಳು ಜನರನ್ನು ಎಕ್ಸ್‌-ರೇ ಯಂತ್ರದ ಗಾಡಿಗೆ ಕಳಿಸಿದರು, ಆರು ಜನರದ್ದು ಮುಗಿಯಿತು. ಇಷ್ಟು ಜನರನ್ನು ಒಬ್ಬ ಆಶಾ ಕಾರ್ಯಕರ್ತೆ ಕರೆತಂದದ್ದು ನಮ್ಮ ಸಂಸ್ಥೆಯಲ್ಲಿ ಎಲ್ಲರಿಗೂ ಸಂತೋಷ ತಂದಿದೆ. ವರದಿಯನ್ನು ಅಲ್ಲಿಗೇ ಮುಗಿಸಬಹುದಿತ್ತು.

ಉಳಿದ ಒಬ್ಬರ ಹೆಸರು ನೀಲಗಂಗಮ್ಮ, ವಯಸ್ಸು ಐವತ್ತೆರಡು, ನೀವು ನೋಡಿಕೊಳ್ಳುವ ಓಣಿಯವರೇ. ಅವರ ಹೆಸರಿನ ಮುಂದೆ ‘ನಿರಾಕರಿಸಿದರು’ ಎಂದು ಬರೆದವಳು ನಾನು. ಗಾಡಿಯ ಮೆಟ್ಟಿಲು ಹತ್ತಿ ಒಳಗೆ ಬಂದವರು ಎರಡು ನಿಮಿಷದಲ್ಲಿ ಸೆರಗು ಸರಿಮಾಡಿಕೊಂಡು ಇಳಿದು ಹೋದರು. ಡಾಕ್ಟರ್ ರೇವತಿ ನಿನ್ನೆ ಮತ್ತೆ ಕೇಳಿದರು. ಎಡಗಡೆ ಅಡಿಕೆಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತ್ತಂತೆ. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಇದನ್ನು ನೋಡದೆ ಬಿಡುವಂತಿಲ್ಲ, ತಡವಾದಷ್ಟೂ ಕಷ್ಟ ಎಂದರು.

ಅವರು ಯಾಕೆ ಹೊರಟುಹೋದರು ಎಂದು ಒಮ್ಮೆ ವಿಚಾರಿಸುತ್ತೀರಾ? ನಾಚಿಕೆಯೋ, ಯಂತ್ರದ ಭಯವೋ, ಮನೆಯವರು ಬೇಡವೆಂದರೋ ನನಗೆ ತಿಳಿಯಲಿಲ್ಲ.

ಇಂಥ ವಿಷಯ ಫೋನಿನಲ್ಲಿ ಕಳಿಸಬೇಡಿ, ನಿಮ್ಮ ಮನೆಯ ಫೋನು ಎಲ್ಲರ ಕೈಯಲ್ಲೂ ಓಡಾಡುತ್ತದೆ ಎಂದಿದ್ದಿರಿ. ಅದಕ್ಕೆ ಈ ಕಾಗದ. ನಾನು ಓದಿದ್ದು ಇಂಗ್ಲಿಷಿನಲ್ಲಿ. ಕೈಯಲ್ಲಿ ಕನ್ನಡ ಬರೆದು ಎಷ್ಟೋ ವರ್ಷವಾಯಿತು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಂಜನಾ


ಕಮಲಾಪುರ
20 ನವೆಂಬರ್ 2024

ಅಂಜನಾ ಮೇಡಮ್ ಅವರಿಗೆ ಮಲ್ಕಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಅಂಚೆಯವನು “ಯಾರವ್ವ ನಿನಗ ಕಾಗದ ಬರಿಯೋರು, ಕೋರ್ಟಿಂದೇನು?” ಎಂದು ಕೇಳಿದ. ನಮ್ಮ ಮನೆಯವರೂ ಹಾಗೇ ಅಂಜಿದರು.

ನೀಲಗಂಗಮ್ಮಕ್ಕನ ಮನೆಗೆ ಎರಡು ಸಲ ಹೋದೆ. ಮೊದಲ ಸಲ ಅವರ ಯಜಮಾನರು ಜಗದೇವಪ್ಪ ಅಣ್ಣ ಕಟ್ಟೆಯ ಮೇಲೆ ಕುಂತಿದ್ದರು, ಹಾಗಾಗಿ ಬರೀ ಚಹಾ ಕುಡಿದು ಬಂದೆ. ಎರಡನೇ ಸಲ ಅಕ್ಕ ಒಬ್ಬರೇ ತೊಗರಿ ಹಸನು ಮಾಡುತ್ತಿದ್ದರು. ನಾನೂ ಕೂತು ಒಂದು ಮೊರ ಕೈಗೆ ತಗೊಂಡೆ.

“ಅಕ್ಕಾ, ಅವತ್ತು ಯಾಕ ಹಂಗೇ ಬಂದ್ರಿ?” ಎಂದು ಕೇಳಿದೆ.

“ನಂಗೇನೂ ಆಗಿಲ್ಲ ತಂಗಿ. ಕರಡಿಗಿ ಒತ್ತಿ ಒತ್ತಿ ಅಲ್ಲಿ ಗಂಟಾಗ್ಯದ. ನಲವತ್ತು ವರ್ಷ ಎದಿ ಮ್ಯಾಲ ಬೆಳ್ಳಿ ಕುಂತ್ರ ಆಗಲಾರದೇನು?”

“ನೋವದ ಏನ್ರಿ?”

“ನೋವಿಲ್ಲ, ಏನಿಲ್ಲ. ನೋವಿದ್ರ ನಾನೇ ಬರ್ತಿದ್ದಿಲ್ಲೇನು ದವಾಖಾನಿಗಿ?”

ಅಷ್ಟು ಹೇಳಿ ಮಾತು ತೊಗರಿ ಮೇಲೆ ಹಾಕಿದರು. ನೋವಿಲ್ಲದ ಗಂಟಿಗೇ ಹೆಚ್ಚು ಅಂಜಬೇಕು ಎಂದು ನೀವು ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು, ಹೇಳಿದೆ. ಅವರು ಮೊರ ಕೊಡವಿ ಇನ್ನೊಂದು ಬೊಗಸೆ ತೊಗರಿ ಸುರಿದುಕೊಂಡರು.

ಮೇಡಮ್, ತಪ್ಪು ನನ್ನದೇ ಇರಬೇಕು. ಗಾಡಿ ಒಳಗೆ ನಾನು ನಿಮ್ಮ ಸಂಗಡ ನಿಲ್ಲುತ್ತೇನೆ ಎಂದು ಮಾತು ಕೊಟ್ಟು ಕರೆತಂದಿದ್ದೆ. ಅದೇ ಹೊತ್ತಿಗೆ ಹೊರಗೆ ಸಾಲಿನಲ್ಲಿದ್ದ ಚಾಂದಬಿಗೆ ಶುಗರ್ ಇಳಿದು ಕಣ್ಣು ಕತ್ತಲೆ ಬಂತು, ಅವರಿಗೆ ಚಹಾ ಕುಡಿಸಲು ಹೋದೆ. ಬರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದರು. ಒಬ್ಬರನ್ನೇ ಬಿಟ್ಟೆನಲ್ಲ ಎಂದು ಅವರಿಗೆ ಬ್ಯಾಸರ ಆಗಿರಬೇಕು.

ಒಂದು ಮಾತು ತಿಳಿಸಿರಿ. ಕೊರಳಿನ ಲಿಂಗ ಇಡುವ ಆ ಬೆಳ್ಳಿ ಕರಡಿಗೆ ಒತ್ತಿ ಗಂಟಾಗುವುದು ಖರೆಯೇ? ನಮ್ಮ ಮನೆಯಲ್ಲಿ ಲಿಂಗ ಕಟ್ಟುವ ಪದ್ಧತಿ ಇಲ್ಲ. ನನಗೆ ಗೊತ್ತಾಗುವುದಿಲ್ಲ.

ಮಲ್ಕಮ್ಮ


ಕಲಬುರಗಿ
2 ಡಿಸೆಂಬರ್ 2024

ಮಲ್ಕಮ್ಮ ಅವರಿಗೆ,

ಕರಡಿಗೆ ಒತ್ತುವುದರಿಂದ ಇಂಥ ಗಂಟು ಬರುವುದಿಲ್ಲ. ಡಾಕ್ಟರ್ ರೇವತಿ ಅವರನ್ನೂ ಕೇಳಿದೆ, ಅದೇ ಹೇಳಿದರು. ಚರ್ಮದ ಮೇಲೆ ಗುರುತು ಬೀಳಬಹುದು, ತುರಿಕೆ ಆಗಬಹುದು; ಒಳಗಿನ ಗಟ್ಟಿ ಗಂಟಿಗೆ ಅದು ಕಾರಣವಲ್ಲ.

ನಿಮ್ಮ ಹತ್ತಿರ ಇರುವ ಚಿತ್ರಪಟದ ಏಳನೇ ಹಾಳೆಯಲ್ಲಿ ‘ತಪ್ಪು ನಂಬಿಕೆಗಳು’ ಎಂಬ ಪಟ್ಟಿ ಇದೆ. ಏಟು ಬಿದ್ದರೆ ಕ್ಯಾನ್ಸರ್ ಬರುತ್ತದೆ, ಮುಟ್ಟಿದರೆ ಅಂಟುತ್ತದೆ ಎಂಬಂಥವು. ಅದರ ಜೊತೆ ಇದನ್ನೂ ಸೇರಿಸಿ ವಿವರಿಸಿ. ಯಜಮಾನರು ಇರುವಾಗಲೇ ತೋರಿಸಿದರೆ ಒಳ್ಳೆಯದು. ಗಂಡಸರಿಗೂ ತಿಳಿದರೆ ಹೆಂಗಸರು ಬರುವುದು ಸುಲಭ ಎಂಬುದು ಬೇರೆ ತಾಲೂಕುಗಳಲ್ಲಿ ನಾವು ಕಂಡದ್ದು.

ನೀವು ನಿಮ್ಮನ್ನು ದೂರಿಕೊಳ್ಳಬೇಡಿ. ಚಾಂದಬಿಯವರನ್ನು ನೋಡಿಕೊಂಡದ್ದು ಸರಿ. ಗಾಡಿಯಲ್ಲಿ ನೀಲಗಂಗಮ್ಮನವರು ಒಬ್ಬರೇ ಇರಲಿಲ್ಲ. ಯಂತ್ರ ನಡೆಸುವ ಪ್ರೀತಿ ಇದ್ದಳು, ನಾನೂ ಇದ್ದೆ. ಭಯಪಟ್ಟಿರಬೇಕು, ಅಷ್ಟೇ.

ಈ ಪತ್ರವನ್ನು ಎರಡು ಸಲ ಬರೆದೆ. ಮೊದಲಿನದು ಉದ್ದವಿತ್ತು. ಅಷ್ಟು ಬೇಕಿಲ್ಲ ಅನ್ನಿಸಿತು.

ಅಂಜನಾ


ಕಮಲಾಪುರ
19 ಡಿಸೆಂಬರ್ 2024

ಮೇಡಮ್ ಅವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಮಾಡಿದೆ. ಕೆಲಸ ಕೆಟ್ಟಿತು.

ಸೋಮವಾರ ಜಗದೇವಪ್ಪ ಅಣ್ಣ ಪೂಜೆ ಮುಗಿಸಿ ಹೊರಗೆ ಬಂದಾಗ ಹೋದೆ. ಏಳನೇ ಹಾಳೆ ತೆರೆದು ಒಂದೊಂದೇ ಹೇಳಿದೆ. ಕರಡಿಗೆಯ ಮಾತು ಬಂದ ಕೂಡಲೇ ಅವರು ಪಟ ಮಡಚಿ ನನ್ನ ಕೈಗೆ ಕೊಟ್ಟರು.

“ಹದಿಮೂರು ವರ್ಷ ಆತು ಮಲ್ಕಮ್ಮ, ನೀ ಈ ಓಣಿಗಿ ಬರಾಕತ್ತು. ಮಕ್ಕಳಿಗಿ ಸೂಜಿ ಹಾಕ್ಸ್ರಿ ಅಂದಿ, ಹಾಕ್ಸಿದಿವಿ. ಸಂಡಾಸ ಕಟ್ರಿ ಅಂದಿ, ಕಟ್ಟಿದಿವಿ. ಈಗ ಕೊರಳಾಗಿನ ಲಿಂಗ ತಪ್ಪು ನಂಬಿಕಿ ಅಂತ ಪಟ ತೋರ್ಸಾಕ ಬಂದಿಯೇನು?”

“ಲಿಂಗಕ್ಕ ಅಂದಿಲ್ರಿ ಅಣ್ಣಾ. ಗಂಟಿಗಿ ಅಂದೀನಿ.”

“ಎರಡೂ ಒಂದೇ ಕಡಿ ಅವ. ನಡಿ ಇನ್ನ.”

ಆ ದಿನದಿಂದ ಅವರ ಮನೆ ಬಾಗಿಲು ನನಗೆ ತೆರೆಯುವುದಿಲ್ಲ. ಅವರ ಮನೆ ಒಂದೇ ಅಲ್ಲ. ಪಕ್ಕದ ಶಿವಶರಣರ ಮನೆಯಲ್ಲಿ ಮೂರು ತಿಂಗಳ ಕೂಸಿದೆ, ತೂಕ ಮಾಡಲು ಹೋದರೆ ಮಲಗ್ಯಾದ ಎಂದರು. ಎರಡು ದಿನವೂ ಮಲಗೇ ಇತ್ತು. ನಾನು ಎತ್ತಿ ಆಡಿಸಿದ ಹುಡುಗಿಯರೇ ಈಗ ಆ ಮನೆಯ ಸೊಸೆಯರ ಜೊತೆ ನಿಂತು ನನ್ನ ಕಂಡು ಮಾತು ನಿಲ್ಲಿಸುತ್ತಾರೆ.

ನಿನ್ನೆ ನಳದ ಹತ್ತಿರ ನೀಲಗಂಗಮ್ಮಕ್ಕನೇ ನನ್ನ ಕೊಡದ ಹಿಂದೆ ಕೊಡ ಇಟ್ಟರು. ಮೆಲ್ಲಗೆ ಹೇಳಿದರು.

“ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ ತಂಗಿ. ಆ ಗಾಡ್ಯಾಗ ಒಬ್ಬಾಕಿ ನೀಲಿ ಟ್ರೇ ಹಿಡಕೊಂಡು ನಿಂತಿದ್ಳು. ಇದರಾಗ ಇಡ್ರಿ, ಯಾರೂ ಕದಿಯಂಗಿಲ್ಲ ಅಂದ್ಳು. ಕದೀತಾರಂತ ಅಂಜಿದಾಕಿ ನಾನು?”

ಲಿಂಗ ಮೈ ಬಿಟ್ಟು ದೂರ ಇಡಬಾರದಂತೆ ಮೇಡಮ್. ಆ ಟ್ರೇ ನಾನು ನೋಡಿದ್ದೇನೆ. ಪಿನ್ನು, ಬಳೆ, ಯಾರದೋ ತಂಬಾಕಿನ ಡಬ್ಬಿ, ಎಲ್ಲಾ ಅದರಲ್ಲೇ ಇದ್ದವು. ಯಾರು ಹಾಗೆ ಅಂದರು ಎಂದು ಕೇಳಿದೆ. ಅಕ್ಕ ಕೊಡ ಎತ್ತಿಕೊಂಡು ಹೋದರು. ಆ ಯಂತ್ರದ ಹುಡುಗಿ ಪ್ರೀತಿಯೇ ಇರಬೇಕು. ಊರು ಯಾವುದೋ, ನಮ್ಮ ಕಡೆಯ ರೀತಿ ಗೊತ್ತಿಲ್ಲ ಪಾಪ. ನೀವು ಅವಳನ್ನು ಕೇಳಿ ನನಗೆ ತಿಳಿಸಿರಿ. ಅವಳ ಪರವಾಗಿ ನಾನು ಹೋಗಿ ತಪ್ಪಾಯಿತು ಎಂದು ಬೇಡಿಕೊಂಡರೆ ಬಾಗಿಲು ತೆರೆಯಬಹುದು.

ಕೆಂಪು ಬಾಳೆಹಣ್ಣು ಒಂದು ಡಜನ್ ಬಸ್ಸಿನ ತುಕಾರಾಮನ ಕೈಯಲ್ಲಿ ಕಳಿಸಿದ್ದೇನೆ. ಸೂಪರ್ ಮಾರ್ಕೆಟ್ ಹತ್ತಿರ ಇಳಿಸಿಕೊಳ್ಳಿರಿ.

ಮಲ್ಕಮ್ಮ


ಕಲಬುರಗಿ
6 ಜನವರಿ 2025

ಮಲ್ಕಮ್ಮ ಅವರಿಗೆ,

ಬಾಳೆಹಣ್ಣು ಬಂದವು. ಧನ್ಯವಾದಗಳು.

ಗಾಡಿಯವರ ಗುತ್ತಿಗೆ ಡಿಸೆಂಬರಿಗೆ ಮುಗಿದಿದೆ. ವಿಚಾರಿಸಿ ತಿಳಿಸುತ್ತೇನೆ. ಈ ವಾರ ಸೇಡಂ ಕಡೆ ತರಬೇತಿಗಳಿವೆ.

ಅಂಜನಾ


ಕಮಲಾಪುರ
17 ಜನವರಿ 2025

ಮೇಡಮ್ ಅವರಿಗೆ,

ವಿಚಾರಿಸುತ್ತೇನೆ ಎಂದಿದ್ದಿರಿ. ಏನೂ ತಿಳಿಸಲಿಲ್ಲ. ನಿಮಗೆ ಕೆಲಸ ಬಹಳ ಇರುತ್ತದೆ.

ಸಂಕ್ರಾಂತಿ ದಿನ ಎಳ್ಳು ಕೊಡುವ ನೆಪದಲ್ಲಿ ನೀಲಗಂಗಮ್ಮಕ್ಕ ಹಿತ್ತಲ ಬಾಗಿಲಿಗೆ ನನ್ನನ್ನು ಕರೆದರು. ಎಳ್ಳು ಕೊಟ್ಟು, ಸೆರಗು ಸರಿಸಿ ತೋರಿಸಿದರು. ಗಂಟಿನ ಮೇಲಿನ ಚರ್ಮ ಒಳಗೆ ಎಳೆದಿದೆ, ಕುಣಿ ಬಿದ್ದ ಹಾಗೆ. ನಮ್ಮ ಪಟದ ನಾಲ್ಕನೇ ಹಾಳೆಯಲ್ಲಿ ಇದೆಯಲ್ಲ, ಅದೇ ಥರ.

“ಇದು ಕರಡಿಗಿ ಕೆಲಸ ಅಲ್ಲ, ಅಲ?” ಎಂದರು.

ಅಲ್ಲ ಅಕ್ಕಾ ಎಂದೆ.

ನಾನು ಒಂದು ಕೆಲಸ ಮಾಡಿದ್ದೇನೆ, ಸರಿಯೋ ತಪ್ಪೋ. ದಾರಿಯಲ್ಲಿ ಸಿಕ್ಕ ಜಗದೇವಪ್ಪ ಅಣ್ಣನಿಗೆ, ಲಿಂಗ ಬಿಚ್ಚಿಡಲು ಟ್ರೇ ಹಿಡಿದ ಹುಡುಗಿ ಬೇರೆ ಕಡೆಯವಳು, ಅವಳನ್ನು ಕೆಲಸದಿಂದ ತೆಗೆದಿದ್ದಾರೆ ಎಂದು ಹೇಳಿದೆ. ನಾನು ಆ ಹುಡುಗಿಯ ಜೊತೆ ಎರಡು ಮಾತೂ ಆಡಿದವಳಲ್ಲ. ಆದರೂ ಎಲ್ಲಾ ಅವಳ ಮೇಲೆ ಹಾಕಿದೆ. ಅಣ್ಣ ಸ್ವಲ್ಪ ಮೆತ್ತಗಾಗಿದ್ದಾರೆ. ಲಿಂಗ ತೆಗೆಯದೆ ಆಗುತ್ತದೋ ಕೇಳು ಎಂದಿದ್ದಾರೆ.

ಆಗುತ್ತದೆಯೇ ಮೇಡಮ್? ಇಷ್ಟು ಮಾತ್ರ ಬೇಗ ಬರೆಯಿರಿ.

ಮಲ್ಕಮ್ಮ


ಕಲಬುರಗಿ
21 ಜನವರಿ 2025

ಮಲ್ಕಮ್ಮ,

ಆಗುತ್ತದೆ. ಮೊದಲು ಅದನ್ನು ಬರೆಯುತ್ತೇನೆ. ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ, ಬಲತೋಳಿಗೆ ಕಟ್ಟಿಕೊಂಡರೆ ಸಾಕು. ಮೈಯಿಂದ ದೂರವಾಗುವುದಿಲ್ಲ, ಚಿತ್ರಕ್ಕೂ ಅಡ್ಡ ಬರುವುದಿಲ್ಲ. ಇವತ್ತು ದೊಡ್ಡ ದವಾಖಾನೆಗೆ ನಾನೇ ಹೋಗಿ ಕೇಳಿಕೊಂಡು ಬಂದೆ. ಗುರುವಾರ, ಮೂವತ್ತನೇ ತಾರೀಖು ಹತ್ತು ಗಂಟೆಗೆ ಅವರನ್ನು ಕರೆದುಕೊಂಡು ಬನ್ನಿ. ಬಾಗಿಲಲ್ಲಿ ನಾನಿರುತ್ತೇನೆ.

ಇನ್ನು ಉಳಿದದ್ದು.

ಟ್ರೇ ಹಿಡಿದು ನಿಂತಿದ್ದವಳು ನಾನು. ಆ ಮಾತು ಆಡಿದವಳೂ ನಾನು. ಪ್ರೀತಿ ಯಂತ್ರದ ಆ ಬದಿಗೆ ಇದ್ದಳು, ಅವಳಿಗೆ ಅದು ಕೇಳಿಸಿಯೂ ಇಲ್ಲ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು, ನಾಲ್ಕು ಗಂಟೆಗೆ ಗಾಡಿ ಹೊರಡಬೇಕಿತ್ತು. ನೀಲಗಂಗಮ್ಮನವರು ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಲು ಬಾಯಿ ತೆರೆದರು. ಅವರು ಮುಗಿಸುವ ಮೊದಲೇ, “ಒಂದು ನಿಮಿಷ ಅಷ್ಟೇ, ಇದರಲ್ಲಿಡಿ, ಯಾರೂ ಕದಿಯುವುದಿಲ್ಲ” ಎಂದೆ. ಅವರು ನನ್ನ ಮುಖ ನೋಡಿದರು, ಹೋದರು. ನಾನು ‘ನಿರಾಕರಿಸಿದರು’ ಎಂದು ಬರೆದೆ.

ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ನಾನು ನೆಹರು ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಗಳ ಮನೆಯ ಹುಡುಗಿ. ನನಗೂ ಚಿಕ್ಕಂದಿನಲ್ಲಿ ಲಿಂಗದೀಕ್ಷೆ ಆಗಿದೆ. ನನ್ನ ಕರಡಿಗೆ ಈಗ ಅಲಮಾರಿನಲ್ಲಿ ಒಡವೆಯ ಡಬ್ಬಿಯೊಳಗಿದೆ. ಅಜ್ಜಿಯ ಕಣ್ಣಿನ ಆಪರೇಷನ್ನಿನ ದಿನ ಅವರ ತೋಳಿಗೆ ಬಟ್ಟೆ ಕಟ್ಟಿದವಳು ಹತ್ತು ವರ್ಷದ ನಾನೇ. ಗಂಟು ಗಟ್ಟಿ ಬಂತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದ್ದೆ. ಆ ದಿನ ಗಾಡಿಯಲ್ಲಿ ಅದು ನೆನಪಾಗಲಿಲ್ಲ. ನಿಮ್ಮ ಮೊದಲ ಪತ್ರ ಓದುವಾಗ ನೆನಪಾಯಿತು. ನಿಮಗೆ ಉತ್ತರವಾಗಿ ಬರೆದ ಆ ಉದ್ದದ ಪತ್ರದಲ್ಲಿ ಇದಿತ್ತು. ಹರಿದು ಹಾಕಿ ಏಳನೇ ಹಾಳೆ ತೋರಿಸಲು ಹೇಳಿದೆ.

ಯಾಕೆ ಎಂದು ಕೇಳಿಕೊಂಡಿದ್ದೇನೆ. ಕೆಲಸ ಹೋಗುತ್ತದೆ ಎಂಬ ಭಯವಲ್ಲ. ನಾನು ತಿಳಿದವಳು, ಕಲಿಸುವವಳು ಎಂದು ನೀವು ನಂಬಿದ್ದಿರಿ. ಆ ನಂಬಿಕೆಯಲ್ಲಿ ಕೂತಿರುವುದು ಹಿತವಾಗಿತ್ತು. ನಾನು ಹಾಗೆ ಹಿತವಾಗಿ ಕೂತಷ್ಟು ದಿನ ಅವರ ಗಂಟು ಬೆಳೆಯಿತು, ನಿಮ್ಮ ಮುಖದ ಮೇಲೆ ಬಾಗಿಲು ಮುಚ್ಚಿತು.

ಈ ಪತ್ರವನ್ನು ಅವರ ಮನೆಯಲ್ಲಿ, ಇಬ್ಬರ ಮುಂದೆ, ಓದಿ ಹೇಳಿ. ಪ್ರೀತಿಯ ಮೇಲಿನ ಮಾತು ಹಿಂದಕ್ಕೆ ಬರಲಿ.

ಅಂಜನಾ


ಕಮಲಾಪುರ
9 ಫೆಬ್ರವರಿ 2025

ಮೇಡಮ್ ಅವರಿಗೆ ನಮಸ್ಕಾರ.

ಎಲ್ಲಾ ಬರೆಯಬೇಕು ಎಂದು ಇವತ್ತು ರವಿವಾರ ಕುಂತಿದ್ದೇನೆ.

ನಿಮ್ಮ ಪತ್ರ ಓದಿ ಹೇಳಲಿಲ್ಲ. ಮೊದಲು ನಾನು ಒಬ್ಬಳೇ ಹೊಲದ ಬದುವಿನ ಮೇಲೆ ಕುಂತು ಓದಿದೆ. ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಒಂದು ತಿಂಗಳಿಗೂ ಹೆಚ್ಚು ನಾನು ಆ ಓಣಿಯಲ್ಲಿ ತಲೆ ತಗ್ಗಿಸಿ ತಿರುಗಿದ್ದೇನೆ. ಆದರೆ ಇದನ್ನು ಓದಿ ಹೇಳಿದರೆ ಜಗದೇವಪ್ಪ ಅಣ್ಣ ನೀವು ಕರೆದ ದವಾಖಾನೆಗೆ ಕಳಿಸುವುದಿಲ್ಲ ಅನ್ನಿಸಿತು. ಅದಕ್ಕೆ ಪತ್ರವನ್ನು ರವಿಕೆಯಲ್ಲಿ ಮಡಚಿಟ್ಟು, ತೋಳಿಗೆ ಕಟ್ಟುವ ಮಾತು ಮಾತ್ರ ಹೇಳಿದೆ.

ನೀಲಗಂಗಮ್ಮಕ್ಕ ನಕ್ಕರು. ಇಷ್ಟು ದಿನದಲ್ಲಿ ಮೊದಲ ಸಲ.

“ಇದನ್ನ ನಂಗ ನೀ ಹೇಳ್ಕೊಡ್ತಿಯೇನು? ನಾಕು ಹಡದೀನಿ, ನಾಕು ಸಲನೂ ತೋಳಿಗೇ ಕಟ್ಕೊಂಡೀನಿ. ಅವತ್ತೂ ಅದನ್ನೇ ಅನ್ನಾಕತ್ತಿದ್ದೆ, ತೋಳಿಗಿ ಕಟ್ಕೋತೀನಿ ಒಂದು ಅರಬಿ ಕೊಡ್ರಿ ಅಂತ. ಅಷ್ಟರಾಗ ಕದಿಯಂಗಿಲ್ಲ ಅಂದ್ಳು.”

“ಮತ್ತ ಕರಡಿಗಿ ಒತ್ತಿ ಗಂಟಾಗ್ಯದ ಅಂದ್ರೆಲ್ಲ ಅಕ್ಕಾ?”

“ನಿನ್ನ ಬಾಯಿ ಮುಚ್ಚಾಕ ಏನರೆ ಅನ್ನಬೇಕಿತ್ತು.”

ಮೇಡಮ್, ನಾವಿಬ್ಬರೂ ಕೂಡಿ ಎಷ್ಟು ಪಟ ತೋರಿಸಿದೆವು ನೋಡಿರಿ. ಅವರು ಹೇಳುವುದು ಒಂದು ಮಾತಿತ್ತು.

ಮೂವತ್ತಕ್ಕೆ ಬಂದದ್ದು ನಿಮಗೆ ಗೊತ್ತೇ ಇದೆ. ಅಣ್ಣನೂ ಸಂಗಡ ಬಂದಿದ್ದರು. ದವಾಖಾನೆಯ ಸಾಲು ನೋಡಿ, “ಇಷ್ಟು ಉದ್ದ ಪಾಳಿ ತೊಗರಿ ಮಾರೋ ಮುಂದೂ ಹಚ್ಚಿಲ್ಲ ನಾ” ಎಂದರು. ನೀವು ಚೀಟಿ ಮಾಡಿಸಿದಿರಿ, ಎಲ್ಲಾ ಕಡೆ ಮುಂದೆ ಮುಂದೆ ನಡೆದಿರಿ, ಆದರೆ ಅಕ್ಕನ ಮುಖ ಒಮ್ಮೆಯೂ ನೋಡಲಿಲ್ಲ. ಸೂಜಿ ಚುಚ್ಚಿ ತೆಗೆದದ್ದರ ಪರೀಕ್ಷೆಯ ವರದಿ ಏಳನೇ ತಾರೀಖಿಗೆ ಬಂತು. ಕ್ಯಾನ್ಸರ್ ಎಂದೇ ಇದೆ. ಕಂಕುಳಕ್ಕೆ ಸ್ವಲ್ಪ ಬಂದಿದೆ, ಅದಕ್ಕಿಂತ ಮುಂದೆ ಹೋಗಿಲ್ಲ. ಆಪರೇಷನ್, ಆಮೇಲೆ ಔಷಧ ಕೊಟ್ಟರೆ ಆಸೆ ಇದೆ ಎಂದರು. ನವೆಂಬರದಾಗ ಬಂದಿದ್ರ ಎಂದು ಡಾಕ್ಟರ್ ಶುರು ಮಾಡಿ ನಡುವೆ ನಿಲ್ಲಿಸಿದರು. ಅಕ್ಕನಿಗೆ ಕೇಳಿಸಿತು. ಶಿವರಾತ್ರಿ ಮುಗಿಸಿಕೊಂಡು ಬರುತ್ತೇನೆ ಎಂದದ್ದಕ್ಕೆ ಮಾರ್ಚ್ ಮೂರಕ್ಕೆ ದಿನ ಕೊಟ್ಟಿದ್ದಾರೆ.

ಏಳರಂದು ವರದಿ ತಗೊಂಡು ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ, ಅಣ್ಣ ದೂರ ಕುಂತಿದ್ದರು, ನಾನು ತಡೆಯಲಾರದೆ ಪತ್ರ ಹೊರಗೆ ತೆಗೆದೆ. ಅಕ್ಕ ನನ್ನ ಕೈ ಹಿಡಿದು ಮಡಚಿಸಿದರು.

“ಅಕೀನೇ ಅಂತ ನಂಗ ಗೊತ್ತು. ಮೂವತ್ತನೇ ತಾರೀಕು ಬಾಗಿಲದಾಗ ನಿಂತಿದ್ದು ನೋಡೇ ಗುರುತು ಹಿಡದೀನಿ. ನಮ್ಮವರಿಗಿ ಹೇಳಿಲ್ಲ. ಹೇಳಿದ್ರ ಅಲ್ಲೇ ಪಂಚಾಯಿತಿ ಮಾಡ್ತಿದ್ರು.”

“ಅವರು ಬರದಾರ ಅಕ್ಕಾ. ತಪ್ಪಾತು ಅಂದಾರ.”

“ನಿನಗ ಬರದಾಳ. ಟ್ರೇ ಹಿಡದದ್ದು ನನ್ನ ಮುಂದ.”

ಅಷ್ಟೇ ಹೇಳಿ ಕಿಡಕಿ ಕಡೆ ಮುಖ ಮಾಡಿದರು. ನಾನು ಇದಕ್ಕೆ ಏನೂ ಸೇರಿಸುವುದಿಲ್ಲ. ಅಕ್ಕ ಓದಲು ಬಲ್ಲರು, ದಿನಾ ಪೂಜೆಯ ನಂತರ ಒಂದೆರಡು ವಚನ ಓದುತ್ತಾರೆ. ಅಕ್ಷರ ದೊಡ್ಡದಾಗಿರಬೇಕು.

ಶಿವಶರಣರ ಮನೆಯ ಕೂಸು ಆರು ಕಿಲೋ ಮುನ್ನೂರು ಇದೆ. ಎಚ್ಚರವೇ ಇತ್ತು.

ಮಲ್ಕಮ್ಮ


ಕಲಬುರಗಿ
14 ಫೆಬ್ರವರಿ 2025

ನೀಲಗಂಗಮ್ಮನವರಿಗೆ ಶರಣಾರ್ಥಿ.

ನಾನು ಅಂಜನಾ. ನವೆಂಬರಿನಲ್ಲಿ ಗಾಡಿಯೊಳಗೆ ನಿಮ್ಮ ಮುಂದೆ ಟ್ರೇ ಹಿಡಿದವಳು.

ನೀವು ಮಾತು ಶುರುಮಾಡಿದ್ದಿರಿ. ನಾನು ಕೇಳಲಿಲ್ಲ. ಅದರ ಮೇಲೆ, ನಿಮ್ಮ ಲಿಂಗ ಕಳುವಾಗುವ ವಸ್ತು ಎಂಬಂತೆ, ನಿಮ್ಮ ಚಿಂತೆ ಬೆಳ್ಳಿಯದು ಎಂಬಂತೆ ಮಾತಾಡಿದೆ. ತಪ್ಪು ನನ್ನದು. ಪ್ರೀತಿಯದಲ್ಲ, ಮಲ್ಕಮ್ಮನದಂತೂ ಅಲ್ಲವೇ ಅಲ್ಲ.

ದವಾಖಾನೆಯಲ್ಲಿ ನಾನು ನಿಮ್ಮ ಮುಖ ನೋಡಲಿಲ್ಲ. ಮಲ್ಕಮ್ಮ ನನ್ನ ಪತ್ರ ಓದಿ ಹೇಳಿದ್ದಾಳೆ, ನಿಮಗೆ ಎಲ್ಲಾ ತಿಳಿದಿದೆ, ನನ್ನನ್ನು ಕಾಣಲೂ ಇಷ್ಟವಿಲ್ಲ ಎಂದುಕೊಂಡಿದ್ದೆ. ನೀವು ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಿರಿ. ಎರಡು ಸಲ ನಾನು ನಿಮಗೆ ಮಾತಾಡಲು ಜಾಗ ಕೊಡಲಿಲ್ಲ.

ಕ್ಷಮಿಸಿ ಎಂದು ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ನೀವು ಏನಾದರೂ ಕೊಡಬೇಕು ಎಂದು ಕೇಳಿದಂತೆ ಆಗುತ್ತದೆ. ಈಗ ನಿಮ್ಮಿಂದ ಏನೂ ಕೇಳುವ ಹಕ್ಕು ನನಗಿಲ್ಲ. ತಪ್ಪಾಯಿತು ಎಂದಷ್ಟೇ ಬರೆಯುತ್ತೇನೆ. ನಿಮ್ಮ ಮನೆಯವರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಮಾರ್ಚ್ ಮೂರರಂದು ನಾನು ಅಲ್ಲಿರಬಾರದು ಎಂದರೆ ಮಲ್ಕಮ್ಮನಿಗೆ ತಿಳಿಸಿ, ಬರುವುದಿಲ್ಲ. ಆದರೆ ನೀವು ಮಾತ್ರ ಬನ್ನಿ.

ಕ್ಯಾಂಪಿನ ಪುಸ್ತಕ ಇವತ್ತು ತೆಗೆದೆ. ನಿಮ್ಮ ಹೆಸರಿನ ಮುಂದಿನ ಶಬ್ದವನ್ನು ಹೊಡೆದುಹಾಕಿ, ‘ಅವರು ಹೇಳಿದ್ದನ್ನು ಕೇಳಲಿಲ್ಲ’ ಎಂದು ಬರೆದು, ಕೆಳಗೆ ನನ್ನ ಸಹಿ ಮಾಡಿದ್ದೇನೆ. ಮುಂದಿನ ಕ್ಯಾಂಪಿಗೆ ಟ್ರೇಯ ಪಕ್ಕದಲ್ಲಿ ತೊಳೆದ ಬಿಳಿ ಬಟ್ಟೆಯ ಪಟ್ಟಿಗಳನ್ನು ಇಡಲಾಗುತ್ತದೆ. ಮೊದಲು ಕೇಳಬೇಕು, ಆಮೇಲೆ ಟ್ರೇ ಹಿಡಿಯಬೇಕು ಎಂದು ಎಲ್ಲರಿಗೂ ಹೇಳಿದ್ದೇನೆ, ಯಾಕೆ ಎಂಬುದನ್ನೂ ಹೇಳಿದ್ದೇನೆ.

ಆಪರೇಷನ್ ಕೋಣೆಯಲ್ಲಿ ಲಿಂಗ ನಿಮ್ಮ ಬಲತೋಳಿನಲ್ಲೇ ಇರುತ್ತದೆ. ಡಾಕ್ಟರ್ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಆ ದಿನ ಬಾಗಿಲಲ್ಲಿ ಬೇರೆ ಯಾರಾದರೂ ನಿಂತಿದ್ದು ತೆಗೆಯಿರಿ ಎನ್ನಬಾರದಲ್ಲ, ಅದಕ್ಕೆ ಬರೆದುಕೊಡಿ ಎಂದು ಕೇಳಿದ್ದೇನೆ. ನಾಳೆ ಶನಿವಾರ ಕೊಡುತ್ತಾರೆ. ಆ ಚೀಟಿಯನ್ನು ಇದರೊಳಗೆ ಇಡುತ್ತೇನೆ. ಯಾರು ಕೇಳಿದರೂ ಅದನ್ನು ತೋರಿಸಿ. ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳಬೇಕೆನ್ನಿಸಿದರೆ ಪೂರ್ತಿ ಹೇಳಿ.

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಈ ಸಲ ಯಾವ ಹಾಳೆಯನ್ನೂ ಹರಿದಿಲ್ಲ.

ಅಂಜನಾ

ಅಂಚೆಗೆ ಹಾಕುವುದು: ಸೋಮವಾರ, 17 ಫೆಬ್ರವರಿ 2025.